ಹೌಸ್ ರೀಫ್ ಎಷ್ಟು ದೂರ? ಒಂದು ಮಾಲ್ಡೀವ್ಸ್ ರೆಸಾರ್ಟ್ ಆರಿಸಿದ ಲೆಕ್ಕ

ಈ ಲೇಖನ ಓದ್ತಿರೋರಲ್ಲಿ ಯಾರ ಹತ್ರಾನೂ ಮಾಲ್ಡೀವ್ಸ್‌ನ ಐಷಾರಾಮಿ ರೆಸಾರ್ಟಿಗೆ ಹೋಗೋಷ್ಟು ದುಡ್ಡಿಲ್ಲ ಅಂತ ನಮಗೆ ಗೊತ್ತು. ನಮ್ಮ ಹತ್ರಾನೂ ಇಲ್ಲ. ಮೆಸ್ ಬಿಲ್ ಕಟ್ಟಿದ ಮೇಲೆ ಕೈಯಲ್ಲಿ ಉಳಿಯೋದು ಎರಡು ಮಸಾಲೆದೋಸೆಯ ದುಡ್ಡು. ಆದರೂ ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಮೂರು ವಾರ ಕೂತು ಇದೇ ಕೆಲಸ ಮಾಡಿದೆವು. ಕಾರಣ, ನಮ್ಮಲ್ಲೊಬ್ಬನ ಅಕ್ಕ. ಮದುವೆಯಾಗಿ ಐದು ವರ್ಷ ಆಗ್ತಿದೆ, ಅಕ್ಕ-ಭಾವ ಇಬ್ಬರೂ ಕೆಲಸದಲ್ಲಿದ್ದಾರೆ, ಎರಡು ವರ್ಷದಿಂದ ಇದಕ್ಕೇ ಅಂತ ದುಡ್ಡು ಕೂಡಿಸಿದ್ದಾರೆ. ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಮೊದಲ ಸಲ ನೀರಿಗಿಳಿದ ಅಕ್ಕ ಆಮೇಲೆ ಅಂಡಮಾನ್‌ಗೆ ಹೋಗಿ ಓಪನ್ ವಾಟರ್ ಸರ್ಟಿಫಿಕೇಟ್ ತಗೊಂಡು ಬಂದಿದ್ದರು. ಭಾವನಿಗೆ ಈಜು ಬರುತ್ತೆ, ಡೈವಿಂಗ್ ಬರಲ್ಲ. "ನೀವು ಇಂಜಿನಿಯರಿಂಗ್ ಓದೋರು, ದಿನವಿಡೀ ಲ್ಯಾಪ್‌ಟಾಪ್ ಮುಂದೆಯೇ ಇರ್ತೀರ, ಒಂದು ಒಳ್ಳೆ ರೆಸಾರ್ಟ್ ಹುಡುಕಿ ಕೊಡಿ" ಅಂದರು. ನಾವು ಒಪ್ಪಿಕೊಂಡೆವು.

ಮೊದಲ ವಾರ ನಾವು ಮಾಡಿದ್ದು ಎಲ್ಲರೂ ಮಾಡೋ ತಪ್ಪನ್ನೇ. ಎಕ್ಸೆಲ್ ಶೀಟ್ ತೆಗೆದು ರೂಮ್ ಫೋಟೋ, ಊಟ, ಸ್ಪಾ, ರೇಟಿಂಗ್ ಅಂತ ಕಾಲಮ್ ಮಾಡಿದೆವು. ಗಾಜಿನ ನೆಲ ಇರೋ, ಮಂಚದಿಂದಲೇ ನೀರು ಕಾಣೋ ಒಂದು ರೆಸಾರ್ಟು ಮೊದಲ ಸ್ಥಾನಕ್ಕೆ ಬಂತು. ಅಕ್ಕನಿಗೆ ಹೆಮ್ಮೆಯಿಂದ ಕಳಿಸಿದೆವು. ಅವರಿಂದ ಬಂದಿದ್ದು ಒಂದೇ ಸಾಲಿನ ಉತ್ತರ: "ಹೌಸ್ ರೀಫ್ ಎಷ್ಟು ದೂರ?"

ಹೌಸ್ ರೀಫ್ ಅಂದರೇನು ಅಂತಾನೇ ನಮಗೆ ಗೊತ್ತಿರಲಿಲ್ಲ.

ದ್ವೀಪಕ್ಕೆ ಅಂಟಿಕೊಂಡೇ ಇರೋ, ದಡದಿಂದ ನೇರವಾಗಿ ಈಜಿ ತಲುಪಬಹುದಾದ ಹವಳದ ದಂಡೆಗೆ ಹೌಸ್ ರೀಫ್ ಅಂತಾರೆ. ಮಾಲ್ಡೀವ್ಸ್‌ನಲ್ಲಿ ಇದಕ್ಕೆ ಇಷ್ಟು ಬೆಲೆ ಯಾಕೆ ಅಂತ ತಿಳೀಬೇಕಾದರೆ ಆ ದೇಶ ಹೇಗೆ ಆಯ್ತು ಅಂತ ಸ್ವಲ್ಪ ನೋಡಬೇಕು. ಅಲ್ಲಿ ಸುಮಾರು 1,200 ಪುಟ್ಟ ದ್ವೀಪಗಳಿವೆ. ಎಲ್ಲವೂ ಹವಳದ ಮೇಲೆ ಕೂತಿವೆ, ಉಂಗುರದ ಆಕಾರದ ಗುಂಪುಗಳಾಗಿ ಹರಡಿವೆ. ಆ ಉಂಗುರಕ್ಕೆ ಅಟಾಲ್ ಅಂತ ಹೆಸರು. ಇಂಗ್ಲಿಷಿಗೆ ಆ ಪದ ಹೋಗಿದ್ದೇ ಅಲ್ಲಿನ ದಿವೇಹಿ ಭಾಷೆಯಿಂದ. ಜ್ವಾಲಾಮುಖಿಯ ಸುತ್ತ ಹವಳ ಬೆಳೆಯುತ್ತೆ, ಬೆಟ್ಟ ನಿಧಾನಕ್ಕೆ ಕುಸಿಯುತ್ತೆ, ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತಲೇ ಇರುತ್ತೆ, ಕೊನೆಗೆ ಬೆಟ್ಟ ಮುಳುಗಿ ಉಂಗುರ ಮಾತ್ರ ಉಳಿಯುತ್ತೆ. ಡಾರ್ವಿನ್ 1842ರಲ್ಲೇ ಈ ವಿವರಣೆ ಕೊಟ್ಟಿದ್ದ. ಮಂಗನಿಂದ ಮಾನವ ಬಿಟ್ಟು ಅವನು ಬೇರೆ ಏನೂ ಬರೆದಿಲ್ಲ ಅಂದುಕೊಂಡಿದ್ದೆವು ನಾವು.

ಈಗ ಮುಖ್ಯ ವಿಷಯ. 1972ರಲ್ಲಿ ಕುರುಂಬಾ ಅನ್ನೋ ಮೊದಲ ರೆಸಾರ್ಟ್ ಶುರುವಾದಾಗಿನಿಂದ ಅಲ್ಲಿ ಬೆಳೆದು ಬಂದ ಪದ್ಧತಿ ಅಂದರೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು. ಗೋಕರ್ಣದಲ್ಲೋ ಗೋವಾದಲ್ಲೋ ಒಂದು ಜಾಗ ಸರಿ ಇಲ್ಲಾಂದ್ರೆ ಬ್ಯಾಗ್ ಎತ್ಕೊಂಡು ಪಕ್ಕದ್ದಕ್ಕೆ ಹೋಗಬಹುದು. ಇಲ್ಲಿ ಪಕ್ಕದ್ದು ಅನ್ನೋದೇ ಇಲ್ಲ. ಡೈವ್ ಸೆಂಟರ್ ಒಂದೇ, ದೋಣಿ ಅವರದ್ದೇ, ಗೈಡ್ ಅವರೇ, ರೇಟೂ ಅವರು ಹೇಳಿದ್ದೇ. ಆರು ರಾತ್ರಿಗೆ ಬುಕ್ ಮಾಡಿದ ಮೇಲೆ ಆರು ರಾತ್ರಿಯೂ ಆ ರೀಫ್ ಜೊತೆಗೇ ಸಂಸಾರ. ರೂಮು ಚೆನ್ನಾಗಿಲ್ಲ ಅಂದರೆ ಬೇರೆ ರೂಮು ಕೇಳಬಹುದು, ಸಮುದ್ರ ಚೆನ್ನಾಗಿಲ್ಲ ಅಂದರೆ ಯಾರನ್ನು ಕೇಳೋದು?

ಉಪಗ್ರಹ ಚಿತ್ರ ನೋಡಿ

ನಮ್ಮ ಮೂವರಲ್ಲಿ ಸಿವಿಲ್ ಓದೋನು ಒಬ್ಬ ಇದ್ದಾನೆ. ಸರ್ವೇಯಿಂಗ್ ಲ್ಯಾಬಿನಲ್ಲಿ ಕಲಿತಿದ್ದು ಇಲ್ಲಿ ಉಪಯೋಗಕ್ಕೆ ಬಂತು ಅಂತ ಅವನ ವಾದ. ಗೂಗಲ್ ಅರ್ತ್ ತೆಗೆದು ದ್ವೀಪವನ್ನು ಮೇಲಿಂದ ನೋಡಿ. ತಿಳಿ ಹಸಿರು-ನೀಲಿ ಬಣ್ಣ ಇದ್ದರೆ ಅದು ಆಳವಿಲ್ಲದ ಮರಳು. ಫೋಟೋಗೆ ಸ್ವರ್ಗ, ಮೀನಿಗೆ ಮರುಭೂಮಿ. ಕಂದು ಬಣ್ಣದ ಅಂಚು, ಅದರಾಚೆ ತಟ್ಟನೆ ಕಡುನೀಲಿ ಕಂಡರೆ ಅಲ್ಲಿ ರೀಫ್ ಮುಗಿದು ಆಳ ಶುರುವಾಗುತ್ತೆ. ಡೈವರ್‌ಗೆ ಬೇಕಾದ್ದು ಆ ಅಂಚು. ಅಳತೆಪಟ್ಟಿ ಎಳೆದು ದಡದಿಂದ ಅಂಚಿಗೆ ಎಷ್ಟು ಮೀಟರ್ ಅಂತ ನೋಡಿ. ನಾವು ಮೊದಲು ಆರಿಸಿದ್ದ ಗಾಜಿನ ನೆಲದ ರೆಸಾರ್ಟಿನಲ್ಲಿ ಅದು ಸುಮಾರು 900 ಮೀಟರ್ ಬಂತು. ಅಂದರೆ ಮಂಚದಿಂದ ಕಾಣೋದು ಬರೀ ನೀರು ಮತ್ತು ಮರಳು, ಮೀನು ನೋಡಬೇಕಂದ್ರೆ ಪ್ರತಿ ಸಲ ದೋಣಿ ಹತ್ತಬೇಕು. ಕೆಲವು ದ್ವೀಪಗಳಲ್ಲಿ ಅದೇ ಅಂಚು 30-40 ಮೀಟರ್ ದೂರದಲ್ಲಿರುತ್ತೆ. ಉತ್ತರ ಮಾಲೆ ಅಟಾಲ್‌ನ ಬರೋಸ್, ದಕ್ಷಿಣ ಆರಿಯ ಮಿರಿಹಿ, ಉತ್ತರ ಆರಿಯ ಕಂದೊಲ್ಹು, ಇವೆಲ್ಲ ಪುಟ್ಟ ದ್ವೀಪಗಳು, ದುಬಾರಿ ಕೂಡ, ಆದರೆ ಹೌಸ್ ರೀಫ್‌ಗೇ ಹೆಸರಾದವು.

ಮರಳು ಪಂಪ್ ಮಾಡಿ ಹೊಸದಾಗಿ ಕಟ್ಟಿದ ದ್ವೀಪಗಳೂ ಈಗ ಬೇಕಾದಷ್ಟಿವೆ. ಹಾಗೆ ಪಂಪ್ ಮಾಡುವಾಗ ಏಳೋ ಹೂಳು ಹವಳದ ಮೇಲೆ ಕೂತು ಅದನ್ನು ಉಸಿರುಗಟ್ಟಿಸುತ್ತೆ. ಹಳೆಯ ವರ್ಷಗಳ ಉಪಗ್ರಹ ಚಿತ್ರ ಹಾಕಿ ಹೋಲಿಸಿದರೆ ಗೊತ್ತಾಗುತ್ತೆ, ದ್ವೀಪ ಮೊದಲಿತ್ತಾ ಅಥವಾ ಮೊನ್ನೆ ಹುಟ್ಟಿತಾ ಅಂತ.

ಇನ್ನೊಂದು ಎಚ್ಚರಿಕೆ. ವೆಬ್‌ಸೈಟಿನಲ್ಲಿರೋ ಹವಳದ ಫೋಟೋ ಯಾವ ವರ್ಷದ್ದು ಅಂತ ಕೇಳಿ. ಸಮುದ್ರ ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತೆ, ಬಿಸಿ ಇಳಿಯದಿದ್ದರೆ ಸಾಯುತ್ತೆ. ಮಾಲ್ಡೀವ್ಸ್‌ನಲ್ಲಿ 1998ರಲ್ಲಿ ಆಳವಿಲ್ಲದ ಕಡೆಯ ಹವಳದ ಬಹುಪಾಲು ಹೀಗೇ ಸತ್ತಿತು. 2016ರಲ್ಲಿ ಮತ್ತೆ ಹೊಡೆತ, 2024ರಲ್ಲಿ ಇನ್ನೊಮ್ಮೆ. ಎಲ್ಲ ಕಡೆ ಒಂದೇ ತರಹ ಆಗಿಲ್ಲ, ಚೇತರಿಕೆಯೂ ಒಂದೇ ತರಹ ಇಲ್ಲ. ಅದಕ್ಕೇ ರೆಸಾರ್ಟಿನ ಫೋಟೋ ಬಿಟ್ಟು ಕಳೆದ ಆರು ತಿಂಗಳಲ್ಲಿ ಹೋಗಿಬಂದವರು ಹಾಕಿದ ವಿಡಿಯೋ ನೋಡಿದೆವು. ಎರಡು ಹೆಸರು ಅಲ್ಲೇ ಪಟ್ಟಿಯಿಂದ ಬಿದ್ದವು.

ಆಳ ಹೆಚ್ಚಾದರೆ ಮಜಾ ಹೆಚ್ಚಾ?

ನಾವು ಹಾಗೇ ಅಂದುಕೊಂಡಿದ್ದೆವು. ಲೆಕ್ಕ ಮಾಡಿದ ಮೇಲೆ ಅಭಿಪ್ರಾಯ ಬದಲಾಯ್ತು. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಒತ್ತಡ ಸುಮಾರು 1 ಅಟ್ಮಾಸ್ಫಿಯರ್‌ನಷ್ಟು ಏರುತ್ತೆ. 10 ಮೀಟರ್‌ನಲ್ಲಿ 2, 30 ಮೀಟರ್‌ನಲ್ಲಿ 4. ಡೈವರ್ ಉಸಿರಾಡೋ ಗಾಳಿಯೂ ಅದೇ ಒತ್ತಡದಲ್ಲಿ ಬರಬೇಕು. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ತುಂಬಿದರೆ 2,400 ಲೀಟರ್ ಗಾಳಿ. 50 ಬಾರ್ ಮೀಸಲು ಬಿಟ್ಟರೆ ಬಳಸೋಕೆ ಸಿಗೋದು 1,800 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡೋ ಮನುಷ್ಯ 10 ಮೀಟರ್ ಆಳದಲ್ಲಿ 40 ಲೀಟರ್ ಖರ್ಚು ಮಾಡ್ತಾನೆ, 45 ನಿಮಿಷ ಸಿಗುತ್ತೆ. ಅದೇ 30 ಮೀಟರ್‌ನಲ್ಲಿ ನಿಮಿಷಕ್ಕೆ 80 ಲೀಟರ್, ಇಪ್ಪತ್ತೆರಡೂವರೆ ನಿಮಿಷಕ್ಕೆ ಆಟ ಮುಗೀತು. ಇಳಿಯೋ ಹತ್ತೋ ಸಮಯ ಇದರಲ್ಲಿ ಸೇರಿಸಿಲ್ಲ. ಬೆಳಕು ಹೆಚ್ಚು ಇರೋದು, ಬಣ್ಣ ಕಾಣೋದು, ಹವಳ ದಟ್ಟವಾಗಿ ಬೆಳೆಯೋದು ಮೇಲಿನ ಹತ್ತು-ಹದಿನೈದು ಮೀಟರ್‌ನಲ್ಲೇ. ಅಕ್ಕನ ಸರ್ಟಿಫಿಕೇಟಿಗೆ ಮಿತಿ 18 ಮೀಟರ್. ಮಾಲ್ಡೀವ್ಸ್ ಕಾನೂನಿನ ಪ್ರಕಾರ ಪ್ರವಾಸಿ ಡೈವರ್‌ಗಳು ಯಾರೇ ಆದರೂ 30 ಮೀಟರ್ ದಾಟೋ ಹಾಗಿಲ್ಲ. ಹಾಗಾಗಿ ಭಾರಿ ಪ್ರವಾಹ ಇರೋ ಆಳದ ಕಾಲುವೆಗಳಿಗೆ ಹೆಸರಾದ ರೆಸಾರ್ಟುಗಳು ನಮ್ಮ ಪಟ್ಟಿಯಲ್ಲಿ ಕೆಳಗಿಳಿದವು. ಅವು ಕೆಟ್ಟವಲ್ಲ, ನೂರಿನ್ನೂರು ಡೈವ್ ಮಾಡಿದವರಿಗೆ ಅವೇ ಬೇಕು. ಅಕ್ಕ ಮಾಡಿರೋದು ಒಂಬತ್ತು.

ಭಾವನ ಫಾರ್ಮ್

ಇಲ್ಲಿಗೆ ಬರೋ ಹೊತ್ತಿಗೆ ನಮ್ಮ ಪಟ್ಟಿ ಐದಕ್ಕೆ ಇಳಿದಿತ್ತು. ಭಾವನದ್ದು ಒಂದು ಗುಟ್ಟಿನ ಯೋಜನೆ ಇತ್ತು. ಅಕ್ಕನಿಗೆ ಹೇಳದೆ ಅಲ್ಲಿ ಡಿಸ್ಕವರ್ ಸ್ಕೂಬಾ ಮಾಡೋದು. ಸರ್ಟಿಫಿಕೇಟ್ ಇಲ್ಲದವರನ್ನೂ ಇನ್‌ಸ್ಟ್ರಕ್ಟರ್ ಜೊತೆಗಿಟ್ಟುಕೊಂಡು ಹೆಚ್ಚೆಂದರೆ 12 ಮೀಟರ್‌ವರೆಗೆ ಕರೆದೊಯ್ಯುವ ಕಾರ್ಯಕ್ರಮ ಅದು. ನಾವು ಐದೂ ಡೈವ್ ಸೆಂಟರ್‌ಗಳಿಗೆ ಇಮೇಲ್ ಹಾಕಿ, ಮೊದಲೇ ತುಂಬಿಟ್ಟುಕೊಳ್ಳೋಣ ಅಂತ ಫಾರ್ಮ್ ತರಿಸಿಕೊಂಡೆವು. ಅದರ ಜೊತೆ ಆರೋಗ್ಯದ ಪ್ರಶ್ನಾವಳಿ ಇತ್ತು. ಶ್ವಾಸಕೋಶ, ಹೃದಯ, ಕಿವಿ, ಅಪಸ್ಮಾರ, ತಗೊಳ್ತಿರೋ ಔಷಧಿ, ಹೀಗೆ.

ಫೋನಿನಲ್ಲಿ ಒಂದೊಂದೇ ಓದ್ತಾ ಹೋದೆವು. ಭಾವ ಇಲ್ಲ, ಇಲ್ಲ ಅಂತ ಹೇಳ್ತಾ ಬಂದರು. ನ್ಯೂಮೊಥೊರಾಕ್ಸ್ ಅನ್ನೋ ಪದ ಬಂದಾಗ ಸುಮ್ಮನಾದರು. ಆಮೇಲೆ, "ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಒಂದು ಸಲ ಆಗಿತ್ತು. ಎದೆಗೆ ಟ್ಯೂಬ್ ಹಾಕಿದ್ರು. ಹತ್ತು ವರ್ಷದ ಮೇಲಾಯ್ತು, ಈಗ ಏನೂ ಇಲ್ಲ. ಇಲ್ಲ ಅಂತಾನೇ ಹಾಕಿ" ಅಂದರು.

ನಮ್ಮಲ್ಲೊಬ್ಬ ಹಾಕಿಯೂ ಬಿಟ್ಟ. ಅದನ್ನು ಇಲ್ಲಿ ಮುಚ್ಚಿಡಲ್ಲ. ಫಾರ್ಮ್ ಅಂದರೆ ನಮಗೆಲ್ಲ ಹಾಸ್ಟೆಲ್ ಅಡ್ಮಿಷನ್ ಫಾರ್ಮ್ ಥರ, ತುಂಬಿ ಕೊಟ್ಟರೆ ಮುಗೀತು. ಯಾರು ಓದ್ತಾರೆ?

ರಾತ್ರಿ ಮೆಸ್‌ನಲ್ಲಿ ಊಟ ಮಾಡುವಾಗ ಮೆಕ್ಯಾನಿಕಲ್ ಓದೋನು ಕೇಳಿದ, "ನ್ಯೂಮೊಥೊರಾಕ್ಸ್ ಅಂದ್ರೆ ಏನೋ?" ಓದಿದೆವು. ಶ್ವಾಸಕೋಶದ ಹೊರಪದರದಲ್ಲಿ ಎಲ್ಲೋ ಒಂದು ದುರ್ಬಲ ಗುಳ್ಳೆ ಒಡೆದು ಗಾಳಿ ಎದೆಗೂಡಿಗೆ ಸೋರಿ ಶ್ವಾಸಕೋಶ ಕುಗ್ಗೋದು. ಎತ್ತರ-ತೆಳ್ಳಗೆ ಇರೋ ಹುಡುಗರಲ್ಲಿ ಯಾವ ಪೆಟ್ಟೂ ಬೀಳದೆ ತಾನಾಗೇ ಆಗಬಹುದು, ಹೆಚ್ಚಾಗಿ ನಮ್ಮ ವಯಸ್ಸಿನಲ್ಲಿ ಅಥವಾ ಸ್ವಲ್ಪ ಆಮೇಲೆ. ಒಮ್ಮೆ ಆದವರಿಗೆ ಮತ್ತೆ ಆಗೋ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಈಗ ಪಿಯುಸಿಯ ಬಾಯ್ಲ್ ನಿಯಮ ನೆನಪಿಸಿಕೊಳ್ಳಿ. 10 ಮೀಟರ್ ಆಳದಲ್ಲಿ, 2 ಅಟ್ಮಾಸ್ಫಿಯರ್‌ನಲ್ಲಿ ಅಂಥ ಜಾಗದಲ್ಲಿ ಅರ್ಧ ಲೀಟರ್ ಗಾಳಿ ಸಿಕ್ಕಿಹಾಕಿಕೊಂಡರೆ ಮೇಲೆ ಬರುವಷ್ಟರಲ್ಲಿ ಅದು ಒಂದು ಲೀಟರ್ ಆಗುತ್ತೆ. ಹೊರಗೆ ಹೋಗೋಕೆ ದಾರಿ ಇರಲ್ಲ. 30ರಿಂದ 20 ಮೀಟರ್‌ಗೆ ಬಂದರೆ ಹಿಗ್ಗೋದು ಮೂರನೇ ಒಂದರಷ್ಟು ಮಾತ್ರ, 10ರಿಂದ ಮೇಲಕ್ಕೆ ಬಂದರೆ ಎರಡರಷ್ಟು. ಅಂದರೆ "ಬರೀ 12 ಮೀಟರ್ ತಾನೇ" ಅನ್ನೋ ಮಾತಿಗೆ ಅರ್ಥವೇ ಇಲ್ಲ. ಅಪಾಯದ ಪಾಲು ಮೇಲಿನ ಹತ್ತು ಮೀಟರ್‌ನಲ್ಲೇ ಹೆಚ್ಚು.

ಊಟ ಅರ್ಧಕ್ಕೆ ಬಿಟ್ಟು ಭಾವನಿಗೆ ಫೋನ್ ಮಾಡಿದೆವು. ಮೊದಲು ಬೇಜಾರು ಮಾಡಿಕೊಂಡರು, ಆಮೇಲೆ ಶ್ವಾಸಕೋಶದ ವೈದ್ಯರ ಹತ್ತಿರ ಹೋದರು. ಸ್ಕ್ಯಾನ್ ನೋಡಿದ ವೈದ್ಯರು ಸ್ಕೂಬಾ ಬೇಡವೇ ಬೇಡ ಅಂದರು. ಮೇಲೆಯೇ ತೇಲುತ್ತಾ ಸ್ನಾರ್ಕೆಲಿಂಗ್ ಮಾಡಬಹುದು, ಉಸಿರು ಕಟ್ಟಿ ಕೆಳಕ್ಕೆ ಮುಳುಗಬೇಡಿ ಅಂದರು. ಸ್ನಾರ್ಕೆಲ್‌ನಲ್ಲಿ ಎಳೆಯೋದು ಮೇಲಿನ ಸಾಮಾನ್ಯ ಒತ್ತಡದ ಗಾಳಿ, ಹಾಗಾಗಿ ಬಾಯ್ಲ್‌ಗೆ ಅಲ್ಲಿ ಕೆಲಸ ಇಲ್ಲ. ನಾವು ಆ ಫಾರ್ಮನ್ನು ಡಿಲೀಟ್ ಮಾಡಿದೆವು.

ಭಾವನ ಈ ಉತ್ತರ ಇಡೀ ಪಟ್ಟಿಯನ್ನೇ ಬದಲಿಸಿತು. ಈಗ ಬೇಕಾಗಿದ್ದು ಒಬ್ಬರು ಕೆಳಗೆ, ಒಬ್ಬರು ಮೇಲೆ, ಆದರೆ ಇಬ್ಬರೂ ಒಂದೇ ರೀಫ್ ನೋಡೋ ಜಾಗ. ದೋಣಿಯಲ್ಲಿ ಹೋಗೋ ಆಳದ ಡೈವ್ ಅಂದರೆ ಅಕ್ಕ ಹೋಗಿ ಬರೋವರೆಗೂ ಭಾವ ರೂಮಿನಲ್ಲಿ ಟಿವಿ ನೋಡಬೇಕು. ದಡದಿಂದ ನಲವತ್ತು ಮೀಟರ್ ದೂರದ ಹೌಸ್ ರೀಫ್‌ನಲ್ಲಾದರೆ ಅಕ್ಕ ಎಂಟು ಮೀಟರ್ ಕೆಳಗೆ, ಭಾವ ಅವರ ನೆತ್ತಿಯ ಮೇಲೆ.

ಯಾವ ತಿಂಗಳು, ಯಾವ ಕಡೆ

ಅಕ್ಕ ಮೊದಲು ಫೆಬ್ರವರಿ ಅಂದಿದ್ದರು, ಆಕಾಶ ನೀಲಿ ಇರುತ್ತೆ ಅಂತ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಈಶಾನ್ಯ ಮಾರುತ, ಒಣ ಹವೆ, ರೇಟೂ ತುದಿಯಲ್ಲಿ. ಆಗ ಪ್ರವಾಹ ಪೂರ್ವದಿಂದ ಪಶ್ಚಿಮಕ್ಕೆ. ಅಟಾಲ್‌ನ ಪೂರ್ವದ ಬಾಗಿಲುಗಳಲ್ಲಿ ತಿಳಿನೀರು ಒಳಗೆ ಬರುತ್ತೆ, ಪ್ಲಾಂಕ್ಟನ್ ಪಶ್ಚಿಮದ ಕಡೆ ಸೇರುತ್ತೆ, ಅದನ್ನು ತಿನ್ನೋ ಮಾಂಟಾ ರೇಗಳೂ ಅಲ್ಲಿಗೇ. ಮೇ ಬಂದರೆ ನಮ್ಮ ಉಡುಪಿ-ಕಾರವಾರಕ್ಕೆ ಮಳೆ ತರೋ ಅದೇ ನೈಋತ್ಯ ಮಾರುತ ಅಲ್ಲೂ ಶುರು, ನವೆಂಬರ್‌ವರೆಗೆ ಎಲ್ಲ ಉಲ್ಟಾ. ನೇತ್ರಾಣಿಯಲ್ಲಿ ಮಳೆಗಾಲ ಅಂದರೆ ಡೈವಿಂಗ್ ಬಂದ್, ಮಾಲ್ಡೀವ್ಸ್‌ನಲ್ಲಿ ಹಾಗಲ್ಲ. ಮಳೆ ಬರುತ್ತೆ, ಅಲೆ ಏಳುತ್ತೆ, ನೀರು ಸ್ವಲ್ಪ ಮಬ್ಬಾಗುತ್ತೆ, ಆದರೆ ಮಬ್ಬು ಅಂದರೆ ಪ್ಲಾಂಕ್ಟನ್, ಪ್ಲಾಂಕ್ಟನ್ ಅಂದರೆ ಮಾಂಟಾ. ನೀರಿನ ತಾಪಮಾನ ವರ್ಷವಿಡೀ 27ರಿಂದ 30 ಡಿಗ್ರಿ.

ಬಾ ಅಟಾಲ್‌ನ ಪೂರ್ವ ಅಂಚಿನಲ್ಲಿ ಹನಿಫಾರು ಅನ್ನೋ ಪುಟ್ಟ ಕೊಲ್ಲಿ ಇದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಪ್ರವಾಹ ಮತ್ತು ಉಬ್ಬರ ಸೇರಿ ಪ್ಲಾಂಕ್ಟನ್ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಕೆಲವೊಮ್ಮೆ ನೂರಕ್ಕೂ ಹೆಚ್ಚು ಮಾಂಟಾಗಳು ಊಟಕ್ಕೆ ಬರ್ತವೆ. ಬಾ ಅಟಾಲ್ 2011ರಿಂದ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶ. ನಮಗೆ ಕುಣಿಯೋ ಹಾಗೆ ಮಾಡಿದ ಸಂಗತಿ ಬೇರೆ: ಹನಿಫಾರು ಕೊಲ್ಲಿಯೊಳಗೆ ಸ್ಕೂಬಾ ನಿಷೇಧ. ಸಿಲಿಂಡರ್‌ನ ಗುಳ್ಳೆಗಳು ಮಾಂಟಾಗಳಿಗೆ ತೊಂದರೆ ಮಾಡ್ತವೆ ಅಂತ ಎಲ್ಲರೂ ಸ್ನಾರ್ಕೆಲ್‌ನಲ್ಲೇ ನೋಡಬೇಕು, ಅದೂ 45 ನಿಮಿಷ. ಸಾವಿರ ಡೈವ್ ಮಾಡಿದವನೂ ಭಾವನೂ ಅಲ್ಲಿ ಒಂದೇ. ಫೆಬ್ರವರಿ ಹೋಗಿ ಸೆಪ್ಟೆಂಬರ್ ಬಂತು. ರೇಟೂ ಇಳಿಯಿತು.

ಪ್ಲಸ್ ಪ್ಲಸ್

ರೇಟ್ ಅಂದ ತಕ್ಷಣ ನೆನಪಾಯ್ತು. ಅನೇಕ ರೆಸಾರ್ಟುಗಳು ಬೆಲೆಯ ಪಕ್ಕ ಎರಡು ಕೂಡುವ ಚಿಹ್ನೆ ಹಾಕಿರ್ತವೆ. ಸಿ ಪ್ಲಸ್ ಪ್ಲಸ್ ಅಲ್ಲ ಅದು. 10% ಸೇವಾ ಶುಲ್ಕ, ಅದರ ಮೇಲೆ 2025ರ ಜುಲೈನಿಂದ 17% ಪ್ರವಾಸೋದ್ಯಮ ತೆರಿಗೆ. 1.10 × 1.17 = 1.287. ಅಂದರೆ ರಾತ್ರಿಗೆ 600 ಡಾಲರ್ ಅಂತ ಬರೆದದ್ದು ನಿಜದಲ್ಲಿ 772. ರೆಸಾರ್ಟುಗಳಲ್ಲಿ ಇದರ ಜೊತೆ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ. ಡೈವ್‌ಗೆ ಒಂದು ಬೆಲೆ, ದೋಣಿಗೆ ಬೇರೆ, ಸಲಕರಣೆಗೆ ಬೇರೆ ಇರೋದೂ ಸಾಮಾನ್ಯ. ದಡದಿಂದಲೇ ಇಳಿದರೆ ದೋಣಿಯ ಖರ್ಚೇ ಇಲ್ಲ, ಹೌಸ್ ರೀಫ್ ಇಲ್ಲೂ ದುಡ್ಡು ಉಳಿಸಿತು.

ಕೊನೆಯ ದಿನ

ಎಲ್ಲ ಮುಗೀತು ಅಂತ ಶೀಟ್ ಕಳಿಸಿದಾಗ ಅದರಲ್ಲಿ ಒಂದು ಗಂಭೀರ ತಪ್ಪಿತ್ತು. ಈ ಸಲ ಹಿಡಿದವರು ನಾವೇ. ಡೈವ್ ಮಾಡುವಾಗ ಹೆನ್ರಿ ನಿಯಮದಂತೆ ಹೆಚ್ಚಿನ ಒತ್ತಡದಲ್ಲಿ ಸಾರಜನಕ ರಕ್ತ-ಮಾಂಸದಲ್ಲಿ ಕರಗುತ್ತೆ, ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತೆ. ಅಷ್ಟರಲ್ಲಿ ವಿಮಾನ ಹತ್ತಿದರೆ ಕ್ಯಾಬಿನ್ ಒತ್ತಡ ಮುಕ್ಕಾಲು ಅಟ್ಮಾಸ್ಫಿಯರ್‌ವರೆಗೂ ಇಳಿಯುತ್ತೆ, ಸೋಡಾ ಬಾಟಲಿ ತೆಗೆದ ಹಾಗೆ ಗುಳ್ಳೆ ಏಳಬಹುದು. ಸಾಮಾನ್ಯ ಮಾರ್ಗಸೂಚಿ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ ಕನಿಷ್ಠ 18 ಗಂಟೆ ಹಾರಬಾರದು.

ನಮ್ಮ ಶೀಟಿನಲ್ಲಿ ಕೊನೆಯ ಡೈವ್ ಸಂಜೆ 4ಕ್ಕೆ ಮುಗೀತಿತ್ತು, ಬೆಂಗಳೂರಿನ ವಿಮಾನ ಮರುದಿನ ಬೆಳಗ್ಗೆ 11ಕ್ಕೆ. 19 ಗಂಟೆ, ಪಾಸ್. ಆದರೆ ದ್ವೀಪದಿಂದ ಮಾಲೆಗೆ ಬರೋದು ಹೇಗೆ? ಬೆಳಗ್ಗೆ 7ರ ಸೀಪ್ಲೇನ್. ಅದೂ ವಿಮಾನವೇ, ಅದಕ್ಕೆ ಒತ್ತಡ ಕಾಯೋ ಕ್ಯಾಬಿನ್ ಕೂಡ ಇಲ್ಲ. ಅಲ್ಲಿಗೆ 15 ಗಂಟೆ, ಫೇಲ್. ಲೆಕ್ಕ ಹಾಕಬೇಕಾದ್ದು ಮೊದಲು ನೆಲ ಬಿಡೋ ವಿಮಾನದಿಂದ. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತೆ ಅನ್ನೋದೂ ನೆನಪಿರಲಿ, ಸಂಜೆ ಮಾಲೆಗೆ ಇಳಿದರೆ ಆ ರಾತ್ರಿ ಅಲ್ಲೇ, ಸ್ವರ್ಗದ ಒಂದು ರಾತ್ರಿಯ ದುಡ್ಡು ನೀರಿಗೆ. ಮಾಲೆಗೆ ಹತ್ತಿರ ಇರೋ, ಸ್ಪೀಡ್‌ಬೋಟಿನಲ್ಲಿ ತಲುಪೋ ರೆಸಾರ್ಟುಗಳಿಗೆ ಈ ಎರಡು ತಲೆನೋವೂ ಇಲ್ಲ. ಬಾ ಅಟಾಲ್‌ಗೆ ದರವಂದೂ ವಿಮಾನ ನಿಲ್ದಾಣದವರೆಗೆ ದೇಶೀಯ ವಿಮಾನವೂ ಇದೆ, ಆಮೇಲೆ ಸ್ಪೀಡ್‌ಬೋಟು. ಅದು ಕತ್ತಲಾದ ಮೇಲೂ ಹಾರಬಲ್ಲದು.

ಕೊನೆಗೆ ಬುಕ್ ಆಗಿದ್ದು ಬಾ ಅಟಾಲ್‌ನ ಒಂದು ದ್ವೀಪ. ಗಾಜಿನ ನೆಲ ಇಲ್ಲ, ಸಾಮಾನ್ಯ ಬೀಚ್ ರೂಮು. ಬಾಗಿಲಿನಿಂದ ರೀಫ್ ಅಂಚಿಗೆ ನಮ್ಮ ಅಳತೆಯಲ್ಲಿ 70 ಮೀಟರ್. ಕೊನೆಯ ಡೈವ್ ಹೊರಡೋ ಹಿಂದಿನ ದಿನ ಬೆಳಗ್ಗೆ 10ಕ್ಕೆ ಮುಗಿಯುತ್ತೆ, ಆ ಮಧ್ಯಾಹ್ನ ಇಬ್ಬರಿಗೂ ಹನಿಫಾರು. ಡೈವ್ ಸೆಂಟರ್‌ಗೆ ಆಮ್ಲಜನಕ ಇದೆಯಾ, ಹತ್ತಿರದ ರೀಕಂಪ್ರೆಷನ್ ಚೇಂಬರ್ ಎಲ್ಲಿ, ಒಬ್ಬ ಗೈಡ್‌ಗೆ ಎಷ್ಟು ಜನ ಅಂತ ಕೇಳಿದ್ದೆವು, ಮೂರಕ್ಕೂ ನೇರವಾಗಿ ಉತ್ತರ ಕೊಟ್ಟರು. ಪಟ್ಟಿಯಲ್ಲಿದ್ದ ಇನ್ನೊಂದು ಕಡೆಯವರು ಸ್ಪಾ ಆಫರ್ ಕಳಿಸಿದ್ದರು.

ಭಾವ ಕಳೆದ ವಾರ ಫೋನ್ ಮಾಡಿದ್ದರು. ಕನ್ನಡಕ ಇಲ್ಲದೆ ಮಾಂಟಾ ಯಾವುದು ಅಕ್ಕ ಯಾವುದು ಗೊತ್ತಾಗಲ್ಲ, ಏನು ಮಾಡೋದು ಅಂತ. ಪವರ್ ಲೆನ್ಸ್ ಇರೋ ಮಾಸ್ಕ್ ಸಿಗುತ್ತಾ ಅಂತ ಆ ರಾತ್ರಿಯೇ ಇಮೇಲ್ ಹಾಕಿದೆವು. ಮೈನಸ್ ಮೂರೂವರೆ ಇದೆಯಂತೆ, ತೆಗೆದಿಡ್ತಾರಂತೆ.